ಬೆಟ್ಟಕ್ಕೆ ಹಗ್ಗ ಕಟ್ಟಿದ ಮೇಲೆ ಅಪಾಯ ಎಲ್ಲಿಗೆ ಹೋಯ್ತು?

ಶುಕ್ರವಾರ ರಾತ್ರಿ ಹತ್ತೂವರೆ ಆದಮೇಲೆ ಮಾಕಳಿಯಲ್ಲಿ ತುಮಕೂರು ರಸ್ತೆ ಬದಿ ನಿಂತರೆ ಒಂದು ಮೆರವಣಿಗೆ ಕಾಣುತ್ತದೆ. ಗೊರಗುಂಟೆಪಾಳ್ಯದಲ್ಲಿ ಕೊನೇ ಪಿಕಪ್ ಮುಗಿಸಿದ ಟಿಟಿಗಳು, ಮಿನಿ ಬಸ್ಸುಗಳು ಒಂದರ ಹಿಂದೊಂದು ನೆಲಮಂಗಲದ ಕಡೆ ಹೋಗುತ್ತವೆ. ಒಳಗೆ ನೀಲಿ ಲೈಟು, ಜೋರು ಹಾಡು, ಅಪರಿಚಿತರ ನಡುವೆ ಆಗತಾನೇ ಶುರುವಾದ ಅಂತ್ಯಾಕ್ಷರಿ. ನೆಲಮಂಗಲದಲ್ಲಿ ಎಡಕ್ಕೆ ತಿರುಗಿದರೆ ಹಾಸನ, ಸಕಲೇಶಪುರ, ಬೆಳಗಾಗುವಷ್ಟರಲ್ಲಿ ಕುಕ್ಕೆ. ನಾನೂ ಒಂದು ಕಾಲದಲ್ಲಿ ಆ ಟಿಟಿಗಳ ಒಳಗಿದ್ದವನೇ. ಈಗ ರಸ್ತೆ ಪಕ್ಕದ ಮನೆಯಲ್ಲಿ ಮಲಗಿ ಅವುಗಳ ಹಾರ್ನ್ ಕೇಳುತ್ತೇನೆ. (ಮಾಕಳಿ ಅಂದ ಕೂಡಲೇ "ಓ, ಮಾಕಳಿದುರ್ಗ ಟ್ರೆಕ್ ಅಲ್ವಾ?" ಅನ್ನುವವರಿಗೆ: ಅಲ್ಲ, ಅದು ದೊಡ್ಡಬಳ್ಳಾಪುರದ ಕಡೆ. ನಮ್ಮಲ್ಲಿ ಬೆಟ್ಟ ಇಲ್ಲ, ಲಾರಿ ಇದೆ.)

2024ರ ಜನವರಿ 26ರ ವಾರಾಂತ್ಯ ಆ ಟಿಟಿಗಳು ಹೋಗಿ ನಿಂತಿದ್ದೆಲ್ಲಿ ಅಂತ ಇಡೀ ರಾಜ್ಯ ನೋಡಿತು. ಕುಮಾರ ಪರ್ವತದ ದಾರಿಯಲ್ಲಿ ಸಾವಿರಾರು ಜನ ಒಬ್ಬರ ಬೆನ್ನಿಗೊಬ್ಬರು ನಿಂತ ವಿಡಿಯೊ ಅದು. ಕೆಲವೇ ದಿನಗಳಲ್ಲಿ ಅರಣ್ಯ ಸಚಿವ ಈಶ್ವರ ಖಂಡ್ರೆ ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣ ಪಥಗಳನ್ನೆಲ್ಲ ತಾತ್ಕಾಲಿಕವಾಗಿ ಮುಚ್ಚಿಸಿದರು. ಅದೇ ವರ್ಷ ಅಕ್ಟೋಬರ್‌ನಲ್ಲಿ 'ಅರಣ್ಯ ವಿಹಾರ' ಎಂಬ ಜಾಲತಾಣ ಬಂತು, ಒಂದು ಪಥಕ್ಕೆ ದಿನಕ್ಕೆ 300 ಜನ ಎಂಬ ಮಿತಿಯೂ ಬಂತು.

ಇಷ್ಟು ಜನ ಯಾಕೆ ಬಂದರು ಅಂತ ಕೇಳಿದರೆ ಎಲ್ಲರ ಉತ್ತರ ರೀಲ್ಸ್. ಸುಲಭದ ಉತ್ತರ, ಅರ್ಧ ನಿಜವೂ ಹೌದು. ಆದರೆ ರೀಲ್ಸ್ ನೋಡಿದ ಮಾತ್ರಕ್ಕೆ ಯಾರೂ 1,712 ಮೀಟರ್ ಹತ್ತುವುದಿಲ್ಲ. 'ನನ್ನಿಂದಾಗಲ್ಲ' ಅನ್ನಲು ಇದ್ದ ಒಂದೊಂದೇ ಕಾರಣವನ್ನು ಯಾರೋ ತೆಗೆದುಹಾಕಿರಬೇಕು. ಊಟ ಹೊರಬೇಕಲ್ಲ ಅಂದರೆ ಗಿರಿಗದ್ದೆಯಲ್ಲಿ ಭಟ್ಟರ ಮನೆ ಇದೆ. ದಶಕಗಳಿಂದ ಆ ಕಾಡಿನ ಮಧ್ಯೆ ಬಂದವರಿಗೆಲ್ಲ ಅನ್ನ ಸಾರು ಬಡಿಸಿದ ಮನೆ ಅದು. ನಾನೂ ಉಂಡಿದ್ದೇನೆ, ಋಣ ಇದೆ. ದಾರಿ ಗೊತ್ತಿಲ್ಲ ಅಂದರೆ ಜಿಪಿಎಸ್ ಟ್ರ್ಯಾಕ್ ಇದೆ. ಟೆಂಟ್ ಇಲ್ಲ ಅಂದರೆ ಬಾಡಿಗೆಗೆ ಸಿಗುತ್ತದೆ. ಜೊತೆಗೆ ಬರುವವರಿಲ್ಲ ಅಂದರೆ ಟಿಟಿಯಲ್ಲಿ ಒಂದು ಸೀಟ್ ಬುಕ್ ಮಾಡಿ, ಹದಿಮೂರು ಮಂದಿ ಸಿಗುತ್ತಾರೆ. ಇದರಲ್ಲಿ ಯಾವುದೂ ಕೆಟ್ಟದ್ದಲ್ಲ. ಎಲ್ಲ ಒಟ್ಟಿಗೆ ಸೇರಿದಾಗ ಏನಾಗುತ್ತದೆ ಅನ್ನೋದು ಬೇರೆ ಪ್ರಶ್ನೆ, ಅದಕ್ಕೆ ಸರಿಯಾದ ಉತ್ತರ ಬೇಕಿದ್ದರೆ ಎವರೆಸ್ಟ್‌ವರೆಗೆ ಹೋಗಬೇಕು.

ಮೊದಲು ಒಂದು ಪದ. ನಮ್ಮ ಬಳಗದಲ್ಲಿ ಕಮಿಟ್‌ಮೆಂಟ್ ಅಂದರೆ ಸಿದ್ಧಾಂತ, ಪಕ್ಷ, ಚಳವಳಿ. ಪರ್ವತಾರೋಹಿಗಳು ಅದೇ ಪದವನ್ನು ಬೇರೆ ಅರ್ಥದಲ್ಲಿ ಬಳಸುತ್ತಾರೆ: ಒಂದು ಹಂತ ದಾಟಿದ ಮೇಲೆ ಹಿಂದೆ ಬರುವುದು ಎಷ್ಟು ಕಷ್ಟ, ಏನಾದರೂ ಆದರೆ ನಿಮ್ಮನ್ನು ಕಾಪಾಡಿಕೊಳ್ಳುವ ಹೊಣೆ ಎಷ್ಟರಮಟ್ಟಿಗೆ ನಿಮ್ಮೊಬ್ಬರದೇ ಅನ್ನುವ ಅಳತೆ ಅದು. ಅಮೆರಿಕದ ಆರೋಹಿಗಳು ಇದಕ್ಕೆ ರೋಮನ್ ಅಂಕಿಯಲ್ಲಿ ದರ್ಜೆಯನ್ನೂ ಕೊಡುತ್ತಾರೆ. 1980ರ ಆಗಸ್ಟ್‌ನಲ್ಲಿ ರೈನ್‌ಹೋಲ್ಡ್ ಮೆಸ್ನರ್ ಎವರೆಸ್ಟನ್ನು ಟಿಬೆಟ್ ಕಡೆಯಿಂದ ಆಕ್ಸಿಜನ್ ಸಿಲಿಂಡರ್ ಇಲ್ಲದೆ ಒಬ್ಬನೇ ಹತ್ತಿ ಇಳಿದ. ಹಗ್ಗ ಇಲ್ಲ, ಮೇಲಿನ ಕ್ಯಾಂಪಿನಲ್ಲಿ ಕಾಯುವವರಿಲ್ಲ, ಬಿದ್ದರೆ ಬಿದ್ದ ಹಾಗೆ. ಕಮಿಟ್‌ಮೆಂಟಿನ ಒಂದು ತುದಿ ಅದು.

ಇನ್ನೊಂದು ತುದಿ ಇವತ್ತಿನ ನೇಪಾಳದ ಕಡೆಯ ದಾರಿ. ಪ್ರತಿ ವಸಂತದಲ್ಲಿ 'ಐಸ್‌ಫಾಲ್ ಡಾಕ್ಟರ್'ಗಳೆಂದು ಕರೆಸಿಕೊಳ್ಳುವ ಶೆರ್ಪಾಗಳು ಖುಂಬು ಹಿಮಪ್ರಪಾತದ ಬಿರುಕುಗಳ ಮೇಲೆ ಅಲ್ಯೂಮಿನಿಯಂ ಏಣಿ ಜೋಡಿಸುತ್ತಾರೆ. ಅಲ್ಲಿಂದ ತುದಿಯವರೆಗೂ ಹಗ್ಗ ಕಟ್ಟಲಾಗುತ್ತದೆ. ಆರೋಹಿ ತನ್ನ ಸೊಂಟದ ಪಟ್ಟಿಯಿಂದ ಒಂದು ಜುಮಾರ್ ಅನ್ನು ಹಗ್ಗಕ್ಕೆ ಸಿಕ್ಕಿಸಿ ಮೇಲೆ ತಳ್ಳುತ್ತಾ ಹೋದರೆ ಸಾಕು. ದಾರಿ ಹುಡುಕುವ ಕೆಲಸ ಇಲ್ಲ. ಟೆಂಟು, ಊಟ, ಸಿಲಿಂಡರ್ ಎಲ್ಲ ಮೊದಲೇ ಮೇಲೆ ತಲುಪಿರುತ್ತವೆ. ತುದಿಯಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಮೂರನೇ ಒಂದು ಭಾಗ ಮಾತ್ರ. ಸಿಲಿಂಡರ್ ಹಾಕಿಕೊಂಡರೆ ದೇಹಕ್ಕೆ ಸಾವಿರಾರು ಅಡಿ ಕೆಳಗಿದ್ದ ಹಾಗೆ ಅನ್ನಿಸುತ್ತದೆ. ಹವಾಮಾನ ಮುನ್ಸೂಚನೆ ಸ್ಯಾಟಲೈಟ್ ಮೂಲಕ ಬರುತ್ತದೆ, ಕೆಳಗೆ ಹೆಲಿಕಾಪ್ಟರ್ ಕಾಯುತ್ತದೆ. 2025ರ ಮೇನಲ್ಲಿ ನಾಲ್ವರು ಬ್ರಿಟಿಷರು ಕ್ಸೆನಾನ್ ಅನಿಲ ಉಸಿರಾಡಿ, ಮನೆಯಲ್ಲೇ ಕಡಿಮೆ ಆಮ್ಲಜನಕದ ಟೆಂಟಿನಲ್ಲಿ ಮಲಗಿ ತಯಾರಾಗಿ, ಲಂಡನ್ ಬಿಟ್ಟ ಐದು ದಿನದೊಳಗೆ ತುದಿ ಮುಟ್ಟಿದರು. ಎರಡು ತಿಂಗಳ ರಜೆ ಸಿಗಲ್ಲ ಅನ್ನುವ ಕಾರಣವೂ ಹೀಗೆ ಹೋಯಿತು.

ಈಗ ನನ್ನೊಳಗಿನ ಇಂಜಿನಿಯರ್‌ಗೆ ಸ್ವಲ್ಪ ಜಾಗ ಕೊಡಿ. ನಾಲ್ಕು ವರ್ಷ ಫೀಸು ಕಟ್ಟಿದ್ದಕ್ಕೆ ಆಗೊಮ್ಮೆ ಈಗೊಮ್ಮೆ ಉಪಯೋಗ ಆಗಲಿ.

ಸಾಮಾನ್ಯ ಬುದ್ಧಿ ಹೇಳುವುದೇನು? ಸೌಲಭ್ಯ ಹೆಚ್ಚಾದರೆ ಅಪಾಯ ಕಮ್ಮಿ. ಒಬ್ಬನೇ ಮನುಷ್ಯನ ಲೆಕ್ಕದಲ್ಲಿ ಅದು ಸರಿ. ಆದರೆ ನೂರು ಜನರ ಲೆಕ್ಕದಲ್ಲಿ ಎಲ್ಲರೂ ನೆಚ್ಚಿಕೊಂಡಿರುವುದು ಒಂದೇ ಹಗ್ಗ, ಒಂದೇ ಮುನ್ಸೂಚನೆ. ಮುನ್ಸೂಚನೆ ಇಲ್ಲದ ಕಾಲದಲ್ಲಿ ತಂಡಗಳು ತಮ್ಮ ತಮ್ಮ ಅಂದಾಜಿನ ಮೇಲೆ ಬೇರೆ ಬೇರೆ ದಿನ ಹೊರಡುತ್ತಿದ್ದವು. ಈಗ ಎಲ್ಲರ ಫೋನಿಗೂ 'ಇಂಥ ದಿನ ಗಾಳಿ ಕಡಿಮೆ' ಅಂತ ಬರುತ್ತದೆ, ಎಲ್ಲರೂ ಅದೇ ರಾತ್ರಿ ಹೊರಡುತ್ತಾರೆ. ಮ್ಯಾಪ್ ತೋರಿಸಿದ ಶಾರ್ಟ್‌ಕಟ್ಟಿಗೆ ಎಲ್ಲ ಕಾರೂ ನುಗ್ಗಿ ಆ ಗಲ್ಲಿಯೇ ಜಾಮ್ ಆಗುವ ಹಾಗೆ.

ಒಂದು ಲೆಕ್ಕ ಹಾಕೋಣ. ತುದಿಯ ಹತ್ತಿರದ ಕಡಿದಾದ ಒಂದು ತುಂಡು ದಾರಿಯಲ್ಲಿ ಒಬ್ಬರು ದಾಟಲು ಎರಡು ನಿಮಿಷ ಅಂದುಕೊಳ್ಳಿ. ಗಂಟೆಗೆ ಮೂವತ್ತು ಜನ. ಅರವತ್ತು ಜನ ಒಟ್ಟಿಗೆ ಬಂದರೆ ಕೊನೆಯವರಿಗೆ ಎರಡು ಗಂಟೆ ಕಾಯುವಿಕೆ, ಅದೂ ಇಳಿಯುವವರು ಅದೇ ಹಗ್ಗದಲ್ಲಿ ಎದುರು ಬರದಿದ್ದರೆ. ನಾಲ್ಕು ಲೀಟರಿನ ಸಿಲಿಂಡರಿಗೆ 300 ಬಾರ್ ಒತ್ತಡದಲ್ಲಿ ತುಂಬಿದರೆ ಸುಮಾರು 1,200 ಲೀಟರ್ ಆಮ್ಲಜನಕ. ನಿಮಿಷಕ್ಕೆ ಎರಡು ಲೀಟರ್ ಬಿಟ್ಟರೆ ಹತ್ತು ಗಂಟೆ, ನಾಲ್ಕು ಲೀಟರ್ ಬಿಟ್ಟರೆ ಐದೇ ಗಂಟೆ. ಅಂದರೆ ಕ್ಯೂನಲ್ಲಿ ಸುಮ್ಮನೆ ನಿಂತ ಎರಡು ಗಂಟೆ ನಿಮ್ಮ ಸಿಲಿಂಡರಿನ ಐದನೇ ಒಂದು ಭಾಗವನ್ನೋ, ಅದಕ್ಕಿಂತ ಹೆಚ್ಚನ್ನೋ ತಿಂದುಹಾಕುತ್ತದೆ. ಇನ್ನೊಂದು ವಿಷಯ: ಕ್ಯೂ ನೇರ ಗೆರೆಯಲ್ಲಿ ಬೆಳೆಯುವುದಿಲ್ಲ. ಕ್ಯೂ ಸಿದ್ಧಾಂತದ ಅತಿ ಸರಳ ಮಾದರಿಯಲ್ಲೇ, ಅರ್ಧ ತುಂಬಿದ ದಾರಿಗಿಂತ ಶೇ 90 ತುಂಬಿದ ದಾರಿಯಲ್ಲಿ ಸರಾಸರಿ ಕಾಯುವಿಕೆ ಒಂಬತ್ತು ಪಟ್ಟು. ಇನ್ನು ಹತ್ತೇ ಜನ ಸೇರಿದರೆ ಏನಾಗುತ್ತೆ ಅನ್ನುವ ಮಾತಿಗೆ ಉತ್ತರ ಇಲ್ಲಿದೆ. 2019ರಲ್ಲಿ ನೇಪಾಳ ವಿದೇಶಿಯರಿಗೆ ಕೊಟ್ಟ ಎವರೆಸ್ಟ್ ಪರವಾನಗಿ 381. ಒಳ್ಳೆಯ ಹವೆಯ ದಿನಗಳು ಕಡಿಮೆ ಇದ್ದವು. ಮೇ 22ರಂದು ನಿರ್ಮಲ್ ಪುರ್ಜಾ ತೆಗೆದ, ತುದಿಯ ಏಣಿನ ಮೇಲೆ ಕ್ಯೂ ನಿಂತವರ ಫೋಟೊ ನೀವು ನೋಡಿರುತ್ತೀರಿ. ಆ ಋತುವಿನಲ್ಲಿ ಎವರೆಸ್ಟ್‌ನಲ್ಲಿ 11 ಜನ ಸತ್ತರು. 2023ರಲ್ಲಿ ಪರವಾನಗಿ 478ಕ್ಕೆ ಏರಿತು.

ಹಾಗಾದರೆ ಸೌಲಭ್ಯದಿಂದ ಕಮಿಟ್‌ಮೆಂಟ್ ಕಡಿಮೆಯಾಯಿತಾ? ಕಡಿಮೆಯಾದಂತೆ ಅನ್ನಿಸಿತು. 2008ರ ಆಗಸ್ಟ್ 1ರಂದು ಕೆ2 ಪರ್ವತದಲ್ಲಿ ನಡೆದದ್ದು ಇದಕ್ಕೆ ಸಾಕ್ಷಿ. 'ಬಾಟಲ್‌ನೆಕ್' ಎಂಬ ಇಕ್ಕಟ್ಟಿನ ಕೊರಕಲಿನಲ್ಲಿ ಹಗ್ಗ ಕಟ್ಟುವ ಕೆಲಸ ತಡವಾಯಿತು, ಜನ ಸಾಲುಗಟ್ಟಿದರು. ಆದರೂ ಬಹಳ ಮಂದಿ ಹಿಂದಿರುಗಲಿಲ್ಲ, ಹಗ್ಗ ಇದೆಯಲ್ಲ, ಕತ್ತಲಾದರೂ ಹಿಡಿದು ಇಳಿಯಬಹುದು ಅನ್ನುವ ಧೈರ್ಯ. ತುದಿ ಮುಟ್ಟುವಾಗ ಸಂಜೆ. ಇಳಿಯುವಾಗ ಮೇಲಿನ ಹಿಮದ ಗೋಡೆ ಕುಸಿದು ಹಗ್ಗಗಳನ್ನೇ ಕಿತ್ತುಕೊಂಡು ಹೋಯಿತು. ಒಟ್ಟು 11 ಜನ ಸತ್ತರು. ಆ ಕತ್ತಲಲ್ಲಿ ಐಸ್ ಆ್ಯಕ್ಸ್ ಇಲ್ಲದೆ ನಿಂತಿದ್ದ ಪಸಂಗ್ ಲಾಮಾನನ್ನು ಛಿರಿಂಗ್ ದೋರ್ಜೆ ಶೆರ್ಪಾ ತನ್ನ ಸೊಂಟಕ್ಕೆ ಕಟ್ಟಿಕೊಂಡು ಆ ಕೊರಕಲು ಇಳಿಸಿದ. ಇಬ್ಬರೂ ಬದುಕಿದರು.

ಹಗ್ಗ ಇರುವವರೆಗೆ ಹಿಂದಿರುಗುವ ದಾರಿ ಸುಲಭ, ಹಗ್ಗ ಹೋದ ಗಳಿಗೆಗೆ ಮೆಸ್ನರ್‌ನ ಸ್ಥಿತಿ, ಆದರೆ ಮೆಸ್ನರ್‌ನ ತಯಾರಿ ಇಲ್ಲ. ಇದು ನಮ್ಮ ಪೀಣ್ಯ ಫ್ಲೈಓವರ್ ಕತೆಯೇ. 2021ರ ಡಿಸೆಂಬರಿನಲ್ಲಿ ಎರಡು ಕಂಬಗಳ ನಡುವಿನ ಕೇಬಲ್ ಕೈಕೊಟ್ಟಿದ್ದು ಗೊತ್ತಾಗಿ ಅದನ್ನು ಮುಚ್ಚಿದಾಗ, ಮೇಲೆ ಹೋಗುತ್ತಿದ್ದ ಟ್ರಾಫಿಕ್ ಅಷ್ಟೂ ಕೆಳಗೆ ಬಂದು ಬಿತ್ತು. ಲಘು ವಾಹನಗಳಿಗೆ ಸುಮಾರು ಎರಡು ತಿಂಗಳಲ್ಲಿ ತೆರೆದರು, ಭಾರಿ ವಾಹನಗಳಿಗೆ ಎರಡು ವರ್ಷಕ್ಕೂ ಮಿಕ್ಕಿ ಬೇಕಾಯಿತು. ಫ್ಲೈಓವರನ್ನೇ ನಂಬಿ ಊರು ಬೆಳೆದಿತ್ತು. ಫ್ಲೈಓವರ್ ಇಲ್ಲದ ದಿನಗಳಿಗೆ ಅಂತ ಯಾರೂ ಏನೂ ಯೋಚಿಸಿರಲಿಲ್ಲ.

ಇಲ್ಲಿಯವರೆಗಿನದು ಲೆಕ್ಕ. ಮುಂದಿನದು ರಾಜಕೀಯ, ನನಗೆ ಹೆಚ್ಚು ಕಾಡುವುದೂ ಅದೇ.

ದುಡ್ಡು ಕೊಟ್ಟು ಬಂದ ಆರೋಹಿಯ ಕಮಿಟ್‌ಮೆಂಟ್ ನಿಜವಾಗಿ ಕಡಿಮೆಯಾಗಿದ್ದರೆ, ಆ ಭಾರ ಗಾಳಿಯಲ್ಲಿ ಕರಗಿಹೋಗಿಲ್ಲ. ಹಿಮಪ್ರಪಾತವನ್ನು ಅವನು ಋತುವಿಗೆ ಕೆಲವೇ ಸಲ ದಾಟುತ್ತಾನೆ. ಅವನ ಟೆಂಟು, ಗ್ಯಾಸು, ಸಿಲಿಂಡರ್ ಹೊರುವವನು ಮತ್ತೆ ಮತ್ತೆ ದಾಟಬೇಕು. ಸೌಲಭ್ಯ ಒಂದು ಹೆಚ್ಚಾದರೆ ಹೊರೆ ಒಂದು ಹೆಚ್ಚು, ಹೊರೆ ಹೆಚ್ಚಿದರೆ ಯಾರೋ ಒಬ್ಬ ಆ ಅಲುಗಾಡುವ ಮಂಜಿನ ಕೆಳಗೆ ಇನ್ನೊಂದು ಸಲ ನಡೆಯಬೇಕು. 2014ರ ಏಪ್ರಿಲ್ 18ರ ಬೆಳಗ್ಗೆ ಅಲ್ಲಿ ಮಂಜಿನ ಗಡ್ಡೆ ಕುಸಿದು ಸತ್ತ 16 ಮಂದಿಯೂ ನೇಪಾಳಿ ಕೆಲಸಗಾರರು. ಸರ್ಕಾರ ಮೊದಲು ಘೋಷಿಸಿದ ಪರಿಹಾರ ಕುಟುಂಬಕ್ಕೆ 40,000 ನೇಪಾಳಿ ರೂಪಾಯಿ. ಶೆರ್ಪಾಗಳು ಕೆಲಸ ನಿಲ್ಲಿಸಿದರು, ಆ ವರ್ಷದ ನೇಪಾಳ ಕಡೆಯ ಋತು ಬಹುತೇಕ ಅಲ್ಲಿಗೇ ಮುಗಿಯಿತು. ಮುಷ್ಕರ ಅನ್ನುವ ಪದವನ್ನು ಬಹಳ ವರದಿಗಳು ಬಳಸಲಿಲ್ಲ, ಆದರೆ ಅದು ಮುಷ್ಕರವೇ. ಕಡ್ಡಾಯ ಜೀವವಿಮೆ 15 ಲಕ್ಷ ನೇಪಾಳಿ ರೂಪಾಯಿಗೆ ಏರಿದ್ದು ಅದರ ನಂತರ.

2023ರ ಜುಲೈ 27ರಂದು ಅದೇ ಕೆ2ನ ಅದೇ ಬಾಟಲ್‌ನೆಕ್ ಬಳಿ ಪಾಕಿಸ್ತಾನದ ಹೊರೆಯಾಳು ಮುಹಮ್ಮದ್ ಹಸನ್ ಜಾರಿಬಿದ್ದ. ಎತ್ತರಕ್ಕೆ ತಕ್ಕ ಬಟ್ಟೆ, ಆಕ್ಸಿಜನ್ ಅವನಿಗಿರಲಿಲ್ಲ ಅಂತ ವರದಿಗಳು ಬಂದವು. ಅವನು ಗಂಟೆಗಳ ಕಾಲ ಜೀವ ಹಿಡಿದಿದ್ದ. ಇಕ್ಕಟ್ಟಿನ ದಾರಿಯಲ್ಲಿ ಹತ್ತಾರು ಜನ ಅವನನ್ನು ದಾಟಿಕೊಂಡು ತುದಿಗೆ ಹೋದ ಡ್ರೋನ್ ವಿಡಿಯೊ ಲೋಕವೆಲ್ಲ ಹರಿದಾಡಿತು. ಅವರೆಲ್ಲ ಕ್ರೂರಿಗಳು ಅಂತ ನನಗನ್ನಿಸಲ್ಲ. ಜನ ಕಡಿಮೆ ಇದ್ದಾಗ 'ನಾನಲ್ಲದೆ ಇನ್ಯಾರು' ಅನ್ನಿಸುತ್ತದೆ. ನೂರು ಜನರ ಸಾಲಿನಲ್ಲಿ ಪ್ರತಿಯೊಬ್ಬರಿಗೂ 'ಯಾರೋ ನೋಡ್ಕೋತಾರೆ' ಅನ್ನಿಸುತ್ತದೆ. ಗದ್ದಲವು ಹೊಣೆಯನ್ನೂ ತೆಳುವಾಗಿಸುತ್ತದೆ.

ಇದನ್ನು ದೂರದಿಂದ ನೋಡಿ ಹೇಳುತ್ತಿಲ್ಲ. ಕೆಲಸ ಬಿಡುವ ಮುಂಚಿನ ವರ್ಷ ಆಫೀಸಿನ ಐದು ಜನ ಹಿಮಾಚಲದ ಒಂದು ಪಾಸ್ ದಾಟಲು ಹೋಗಿದ್ದೆವು. ಮೂರನೇ ರಾತ್ರಿಯಿಂದ ನನಗೆ ತಲೆ ಸಿಡಿಯುತ್ತಿತ್ತು, ಊಟ ಸೇರುತ್ತಿರಲಿಲ್ಲ. ಬೆಳಗ್ಗೆ ಕ್ಯಾಂಪಿನಲ್ಲಿ ಒಬ್ಬೊಬ್ಬರನ್ನೇ ಕೇಳುತ್ತಾ ಬಂದಾಗ "ಐ ಆ್ಯಮ್ ಫೈನ್" ಅಂದೆ. ಯಾಕೆ ಸುಳ್ಳು ಹೇಳಿದೆ ಅಂತ ಆಮೇಲೆ ಬಹಳ ಸಲ ಕೇಳಿಕೊಂಡಿದ್ದೇನೆ. ದುಡ್ಡು ಕಟ್ಟಿದ್ದೆ, ರಜೆ ಹಾಕಿದ್ದೆ ಅನ್ನೋದು ಒಂದು. ಇನ್ನೊಂದು, ಅಡುಗೆ ಟೆಂಟಿನ ಮೂಲೆಯಲ್ಲಿ ನಿಂತಿದ್ದ ಆಕ್ಸಿಜನ್ ಸಿಲಿಂಡರ್. ತೀರಾ ಹದಗೆಟ್ಟರೆ ಅದಿದೆಯಲ್ಲ ಅಂದುಕೊಂಡಿದ್ದೆ. ಅದು ಅಲ್ಲಿ ಇಲ್ಲದಿದ್ದರೆ ನಾನು ನಿಜ ಹೇಳುತ್ತಿದ್ದೆ. ಮಧ್ಯಾಹ್ನದ ಹೊತ್ತಿಗೆ ನನ್ನ ಕಾಲು ಅಡ್ಡಾದಿಡ್ಡಿ ಬೀಳುವುದನ್ನು ಗಮನಿಸಿದ್ದು ನಮ್ಮ ಲೀಡರ್ ಅಲ್ಲ, ಹೇಸರಗತ್ತೆ ಹೊಡೆಯುವ ಹುಡುಗ. ಇನ್ನೂ ಇಪ್ಪತ್ತು ದಾಟಿರಲಿಲ್ಲ ಅವನಿಗೆ. ಅವನೇ ನನ್ನ ಬ್ಯಾಗ್ ತಗೊಂಡು, ಕೈ ಹಿಡಿದು, ಆರು ಗಂಟೆ ಕೆಳಗಿಳಿಸಿದ. ಅಷ್ಟು ಇಳಿದ ಮೇಲೆ ತಲೆನೋವು ತಾನಾಗಿ ಹೋಯಿತು. ಅವನು ಅದೇ ಕತ್ತಲಲ್ಲಿ ವಾಪಸ್ ಮೇಲೆ ಹತ್ತಿದ, ಬೆಳಗ್ಗೆ ಹೇಸರಗತ್ತೆಗಳಿಗೆ ಹೊರೆ ಕಟ್ಟಬೇಕಿತ್ತು. ನನ್ನ ಸುಳ್ಳಿನ ಕೂಲಿ ಅವನ ಕಾಲು ಕೊಟ್ಟಿತು.

ಹಾಗಂತ ಎಲ್ಲ ಸೌಲಭ್ಯ ಕಿತ್ತುಹಾಕಿ, ಬೆಟ್ಟವನ್ನು ಶುದ್ಧ ಮಾಡಿ ಅನ್ನುವ ವಾದ ನನಗೆ ಒಪ್ಪಿಗೆಯಿಲ್ಲ. ಅದರಲ್ಲಿ ಒಂದು ಹಳೆಯ ಯಜಮಾನಿಕೆಯ ವಾಸನೆ ಇದೆ: ನಾವು ಹತ್ತಿದಾಗ ಸಾಹಸ, ನೀವು ಬಂದರೆ ಜಾತ್ರೆ. ಜೊತೆಗೆ ನಮ್ಮವರದೇ ಒಂದು ಘಟನೆ ಆ ವಾದವನ್ನು ಒಪ್ಪಲು ಬಿಡುವುದಿಲ್ಲ. 2024ರ ಜೂನ್ ಮೊದಲ ವಾರ ಉತ್ತರಾಖಂಡದ ಸಹಸ್ರತಾಲ್ ಚಾರಣಕ್ಕೆ ಹೋಗಿದ್ದ 22 ಜನರ ತಂಡ, ಅದರಲ್ಲಿ ಬಹುಪಾಲು ಕರ್ನಾಟಕದವರು, ನಾಲ್ಕು ಸಾವಿರ ಮೀಟರಿಗೂ ಎತ್ತರದಲ್ಲಿ ಹಿಮಗಾಳಿಗೆ ಸಿಕ್ಕಿತು. 9 ಜನ ತೀರಿಕೊಂಡರು, 13 ಜನರನ್ನು ರಕ್ಷಿಸಲಾಯಿತು. ಅವರಲ್ಲಿ ಹಲವರು ವರ್ಷಗಳಿಂದ ಬೆಟ್ಟ ಹತ್ತಿದವರು, ರೀಲ್ಸ್ ನೋಡಿ ಹೊರಟವರಲ್ಲ. ಅಲ್ಲಿ ಕ್ಯೂ ಇರಲಿಲ್ಲ, ಗದ್ದಲ ಇರಲಿಲ್ಲ. ಹತ್ತಿರ ಬೇರೆ ಯಾರೂ ಇರಲಿಲ್ಲ ಅನ್ನುವುದೇ ಸಂಕಟ. ಸುದ್ದಿ ಕೆಳಗೆ ಮುಟ್ಟುವ ಹೊತ್ತಿಗೆ ಮರುದಿನ. ವಾಯುಪಡೆಯ ಹೆಲಿಕಾಪ್ಟರ್‌ಗಳು, ಎಸ್‌ಡಿಆರ್‌ಎಫ್ ಹೋದವು. ಬ್ಯಾಟರಾಯನಪುರದ ಶಾಸಕರೂ ಆದ ಕಂದಾಯ ಸಚಿವ ಕೃಷ್ಣ ಬೈರೇಗೌಡ ಡೆಹ್ರಾಡೂನಿಗೆ ಹೋಗಿ ನಿಂತರು. ಬದುಕಿದವರು ವಾಪಸ್ ಬಂದರು, ಉಳಿದವರ ದೇಹಗಳು ಬಂದವು.

ನನ್ನ ವಾದ ಹಾಗಾಗಿ ಹೆಚ್ಚು-ಕಡಿಮೆಯದ್ದಲ್ಲ, ಯಾವ ಥರದ್ದು ಅನ್ನುವುದರದ್ದು. ಹತ್ತಿಸುವ ಸೌಲಭ್ಯ ಬೇರೆ, ಇಳಿಸುವ ಸೌಲಭ್ಯ ಬೇರೆ. ಹೆಚ್ಚುವರಿ ಸಿಲಿಂಡರ್, ಹೊರೆಯಾಳು, ಮೇಲಿನ ಕ್ಯಾಂಪಿನ ಬಿಸಿ ಊಟ, ತುದಿಯ ಫೋಟೊ, ಸರ್ಟಿಫಿಕೇಟ್: ಇವೆಲ್ಲ ನಿಮ್ಮನ್ನು ಇನ್ನೂ ಸ್ವಲ್ಪ ಮೇಲೆ ಕರೆದೊಯ್ಯುತ್ತವೆ. ಸ್ಯಾಟಲೈಟ್ ಫೋನು, ಮೀಸಲು ದಿನ, 'ಇಷ್ಟು ಗಂಟೆಗೆ ಎಲ್ಲಿದ್ದರೂ ತಿರುಗಬೇಕು' ಅನ್ನುವ ಕಟ್ಟುಪಾಡು, ವಾಪಸ್ ಕಳಿಸಿದರೆ ದುಡ್ಡಿನ ಒಂದು ಪಾಲು ಹಿಂದಿರುಗಿಸುವ ಷರತ್ತು: ಇವು ಕೆಳಗಿಳಿಸುತ್ತವೆ. ಮಾರುಕಟ್ಟೆಯಲ್ಲಿ ಮೊದಲನೆಯದು ಬೇಗ ಖರ್ಚಾಗುತ್ತದೆ. ಎರಡನೆಯದನ್ನು ಜಾಹೀರಾತಿನಲ್ಲಿ ಹಾಕಿದರೆ ಗಿರಾಕಿ ಹೆದರುತ್ತಾನೆ. 1996ರ ಮೇ 10ರಂದು ಎವರೆಸ್ಟ್‌ನಲ್ಲಿ ಎರಡು ಗಂಟೆಗೆ ತಿರುಗಬೇಕು ಎಂಬ ಮಾತು ಇತ್ತು. ನಿರೀಕ್ಷಿಸಿದ ಕಡೆ ಹಗ್ಗ ಇರಲಿಲ್ಲ, ಕ್ಯೂ ಆಯಿತು, ಗಂಟೆ ಎರಡು ದಾಟಿತು, ಆದರೂ ಹಲವರು ತಿರುಗಲಿಲ್ಲ. ದೊಡ್ಡ ಮೊತ್ತ ಕೊಟ್ಟವರನ್ನು ತುದಿಯ ಹತ್ತಿರದಿಂದ ವಾಪಸ್ ಕಳಿಸುವುದು ಯಾವ ಗೈಡಿಗೂ ಸುಲಭ ಅಲ್ಲ. ಆ ಬಿರುಗಾಳಿಯಲ್ಲಿ ಎಂಟು ಜನ ಸತ್ತರು, ಇಬ್ಬರು ಪ್ರಮುಖ ಗೈಡ್‌ಗಳೂ ಸೇರಿ. ಇಳಿಸುವ ಸೌಲಭ್ಯವೂ ಮಾರಾಟಕ್ಕೆ ಬಿದ್ದರೆ ಹಾಳಾಗಬಹುದು ಅನ್ನುವುದಕ್ಕೂ ಉದಾಹರಣೆ ಇದೆ: 2018ರಲ್ಲಿ ನೇಪಾಳದಲ್ಲಿ ಅನಗತ್ಯವಾಗಿ ಹೆಲಿಕಾಪ್ಟರ್ ಕರೆಸಿ ವಿಮೆ ದುಡ್ಡು ಹೊಡೆಯುವ ದಂಧೆ ಸರ್ಕಾರದ ತನಿಖೆಯಲ್ಲಿ ಬಯಲಾಯಿತು.

ಸರ್ಕಾರಗಳ ಕೈಲಿರುವ ಸಾಧನ ಸಾಮಾನ್ಯವಾಗಿ ಎರಡೇ, ಬೆಲೆ ಮತ್ತು ಮಿತಿ. ನೇಪಾಳ 2025ರ ಸೆಪ್ಟೆಂಬರಿನಿಂದ ಪರವಾನಗಿ ಶುಲ್ಕವನ್ನು 11,000 ಡಾಲರಿನಿಂದ 15,000ಕ್ಕೆ ಏರಿಸಿತು. ಅದರ ಹಲವು ಪಟ್ಟು ಖರ್ಚು ಮಾಡುವವನಿಗೆ ಇದು ಟಿಪ್ಸ್. ಮೊದಲು 7,000 ಮೀಟರಿನ ಶಿಖರ ಹತ್ತಿರಬೇಕು ಎಂಬ ಷರತ್ತಿನ ಮಸೂದೆ ಹೆಚ್ಚು ಅರ್ಥಪೂರ್ಣ, ಅದು ಹಣವನ್ನಲ್ಲ, ತಯಾರಿಯನ್ನು ಕೇಳುತ್ತದೆ. ಹಿಮಪ್ರಪಾತದ ಮೇಲೆ ಡ್ರೋನ್‌ನಲ್ಲಿ ಏಣಿ, ಹಗ್ಗ, ಸಿಲಿಂಡರ್ ಸಾಗಿಸುವ ಪ್ರಯೋಗವೂ ನಡೆದಿದೆ. ಕೆಲಸಗಾರನ ಒಂದೊಂದು ಸುತ್ತು ಉಳಿಸುವ ಈ ಸೌಲಭ್ಯಕ್ಕೆ ನನ್ನ ಪೂರ್ತಿ ಬೆಂಬಲ, ಉಳಿದ ಸುತ್ತಿನ ಕೂಲಿ ಅವನ ಕೈತಪ್ಪದಿದ್ದರೆ.

ನಮ್ಮ 300ರ ಮಿತಿ? ಒಳ್ಳೆಯದೇ. ಕ್ಯೂ ಲೆಕ್ಕದ ಪ್ರಕಾರ ಜನ ಕಡಿಮೆ ಆದರೆ ಕಾಯುವಿಕೆ ಅದಕ್ಕಿಂತ ವೇಗವಾಗಿ ಇಳಿಯುತ್ತದೆ. ಆದರೆ ಮಿತಿ ಎಷ್ಟು ಜನ ಅಂತ ಮಾತ್ರ ಹೇಳುತ್ತದೆ. ಆ ಮುನ್ನೂರರಲ್ಲಿ ಒಬ್ಬರ ಕಾಲು ಉಳುಕಿದರೆ ಹೊತ್ತು ತರುವವರು ಯಾರು, ಅವರಿಗೆ ಎಷ್ಟು ಕೊಡುತ್ತೀರಿ ಅಂತ ಕೇಳುವುದಿಲ್ಲ.

ನಮ್ಮ ಬೀದಿಯ ಹುಡುಗನೊಬ್ಬ ವಾರಾಂತ್ಯಕ್ಕೆ ಟ್ರೆಕ್ ಲೀಡ್ ಆಗಿ ಹೋಗುತ್ತಾನೆ. ಡಿಗ್ರಿ ಕೊನೇ ವರ್ಷ, ಟ್ರಿಪ್ ಲೆಕ್ಕದಲ್ಲಿ ದುಡ್ಡು. ಹೋದ ಶುಕ್ರವಾರ ರಾತ್ರಿ ಬ್ಯಾಗ್ ಹಾಕಿಕೊಂಡು ಮೇನ್ ರೋಡಿನಲ್ಲಿ ಟಿಟಿಗೆ ಕಾಯುತ್ತಿದ್ದ. ಟೀ ಕುಡಿಯುತ್ತಾ ಕೇಳಿದೆ.

"ಎಷ್ಟು ಜನ ಇದಾರೋ?"

"ಇಪ್ಪತ್ನಾಲ್ಕು. ನಾನು, ಇನ್ನೊಬ್ಬ."

"ಇನ್ಶೂರೆನ್ಸ್ ಇದ್ಯಾ?"

"ಇದೆ ಅಣ್ಣ, ಬುಕಿಂಗ್ ಜೊತೆಗೇ ಬರುತ್ತೆ."

"ನಿಂಗೆ?"

ಅವನು ನಕ್ಕ. "ನಾನು ಬುಕ್ ಮಾಡಲ್ವಲ್ಲ ಅಣ್ಣ."

ಟಿಟಿ ಬಂತು. ಮುಂದಿನ ಸೀಟಿನಲ್ಲಿ ಕೂತು, ತಿರುಗಿ ತಲೆ ಎಣಿಸತೊಡಗಿದ.